ಬಾಣಂತಿಯ ಫೋಟೋ

"ಆ ಸೊಪ್ಪಿನ ಕೊಂಬೆ ಗೂಡಿಗೆ ಅಡ್ಡ ಬರ್ತಾ ಇದೆ. ಹಿಂದಕ್ಕೆ ಎಳೆದು ಕಟ್ಟಿಬಿಡು ಪಂಚಾಕ್ಷರಿ," ಎಂದ ಸೇತುರಾಮ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಗೆಳೆಯ ಪಂಚಾಕ್ಷರಿ ಹಗ್ಗ ಹಿಡಿದು ಏಣಿ ಹತ್ತಿದ. ಇಬ್ಬರೂ ಬೆಳಗಿನ ರೈಲಿಗೆ ಕೆಂಗೇರಿಯಲ್ಲಿ ಇಳಿದು ಕೆರೆಯಂಚಿನ ಈ ಹುಣಸೆಮರ ಹುಡುಕಿಕೊಂಡು ಬಂದಿದ್ದರು. ಅವರ ಫೋಟೋ ಸಂಘದ ಈ ವರ್ಷದ ಸ್ಪರ್ಧೆಗೆ ವಿಷಯ, ತಾಯ್ತನ. ಗೂಡಿನಲ್ಲಿ ಕೊಕ್ಕರೆಯ ಮೂರು ಮರಿ. ಮೈಮೇಲೆ ಪುಕ್ಕ ಇನ್ನೂ ಬಂದಿರಲಿಲ್ಲ. ತಾಯಿ ಮೀನಿಗೆ ಹೋಗಿತ್ತು.

ಮರ ಕೆಳಗೆ ನಿಂತಿದ್ದ ಊರಿನ ಮುದುಕಿ ಬೋರಮ್ಮನದು, ಏಣಿಯೂ ಅವಳದೇ. ನೋಡಿ ಹೋಗುತ್ತೇವೆ ಎಂದು ಕೇಳಿದ್ದಕ್ಕೆ ಕೊಟ್ಟಿದ್ದಳು. ಗೂಡು ಕಟ್ಟಲು ಬರುವ ಕೊಕ್ಕರೆ ಆ ಊರಿಗೆ ಬಾಣಂತನಕ್ಕೆ ಬಂದ ಮಗಳಿದ್ದ ಹಾಗೆ. ಮರಿ ಹಾರುವ ತನಕ ಯಾರೂ ಹುಣಸೆಹಣ್ಣು ಬಡಿಯುವುದಿಲ್ಲ.

"ಬ್ಯಾಡ್ರಪ್ಪ, ಬಾಣಂತಿ ಕೋಣೆ ಪರದೆ ಯಾರಾದ್ರೂ ಎತ್ತಿ ಕಟ್ತಾರಾ? ಹಸೀ ಮೈ ಅವು, ಬಿಸಿಲು ತಡ್ಕಳಲ್ಲ," ಎಂದಳು ಬೋರಮ್ಮ.

"ನಾವೂ ಹಕ್ಕಿಗಳ ಮೇಲಿನ ಪ್ರೀತಿಗೇ ಬಂದಿರೋದು ಅಜ್ಜಿ. ಈ ಕೆರೇನ ಪಕ್ಷಿಧಾಮ ಮಾಡಿ ಅಂತ ಸರ್ಕಾರಕ್ಕೆ ಬರೀತಾ ಇದೀವಿ. ಆಮೇಲೆ ಇಲ್ಲಿ ಒಂದು ಎಲೆ ಕೀಳೋ ಹಾಗಿಲ್ಲ, ತಿಳೀತಾ?" ಎಂದ ಪಂಚಾಕ್ಷರಿ ಏಣಿಯ ಮೇಲಿಂದಲೇ.

"ಹಂಗಾದ್ರೆ ಈಗ?"

"ಈಗ ಇನ್ನೂ ಆಗಿಲ್ವಲ್ಲ," ಎಂದು ಪಂಚಾಕ್ಷರಿ ಗಂಟು ಬಿಗಿದು ಕೆಳಗಿಳಿದ.

ಬಿಸಿಲು ಗೂಡಿನೊಳಕ್ಕೇ ಸುರಿಯಿತು. ಮರಿಗಳು ಬಾಯಿ ತೆರೆದು ಏದುಸಿರು ಬಿಟ್ಟವು. ಒಂದರ ಕತ್ತು ಗೂಡಿನ ಅಂಚಿಗೆ ಜೋತುಬಿತ್ತು. ಬೋರಮ್ಮ "ಮುನೇಶ್ವರಾ" ಎಂದು ಸೆರಗು ಬಾಯಿಗೆ ಹಿಡಿದಳು. ಅಷ್ಟರಲ್ಲಿ ತಾಯಿ ಬಂತು. ತಂದ ಮೀನನ್ನು ಅಲ್ಲೇ ಬಿಟ್ಟು ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತಿತು. ದೇವರು ಅದಕ್ಕೆ ಕೊಟ್ಟಿದ್ದು ಎರಡೇ ರೆಕ್ಕೆ. ಎರಡನ್ನೂ ಅಗಲಕ್ಕೆ ಬಿಚ್ಚಿತು. ಮರಿಗಳ ಮೇಲೆ ಅಂಗೈಯಷ್ಟು ನೆರಳು ಬಿತ್ತು.

"ಆಹಾ, ಆಶೀರ್ವಾದ ಮಾಡೋ ಹಾಗಿದೆ ನೋಡೋ," ಎಂದು ಸೇತುರಾಮ ಫೋಟೋ ತೆಗೆದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ತಾಯ್ತನ ಅಂದ್ರೆ ಇದು ಕಣೋ. ಪ್ರೈಜು ಬಂದ ಹಾಗೇ."

"ಆಯ್ತಲ್ಲ ಸ್ವಾಮಿ, ಬಿಚ್ಚಿಬಿಡಿ ಕೊಂಬೇನ," ಎನ್ನುತ್ತ ಬೋರಮ್ಮ ತಾನೇ ಏಣಿಗೆ ಕಾಲಿಟ್ಟಳು.

ಪಂಚಾಕ್ಷರಿ ಏಣಿಗೆ ಕೈ ಅಡ್ಡ ಇಟ್ಟ.

"ಸ್ವಲ್ಪ ಇರಿ ಅಜ್ಜಿ," ಎಂದ ಸೇತುರಾಮ. "ನೆರಳು ಬಂದ್ರೆ ಅದು ರೆಕ್ಕೆ ಮುಚ್ಚಿಬಿಡುತ್ತೆ. ಇನ್ನೊಂದೆರಡು ತೆಗೀತೀನಿ."

ಮೇಲೆ ತಾಯಿಯ ರೆಕ್ಕೆ ಸಣ್ಣಗೆ ನಡುಗತೊಡಗಿತ್ತು. ಸೇತುರಾಮ ಕರ್ಚೀಫಿನಿಂದ ಕತ್ತು ಒರೆಸಿಕೊಂಡು ಮತ್ತೆ ಕ್ಯಾಮೆರಾಕ್ಕೆ ಬಗ್ಗಿದ.

"ಪಂಚಾಕ್ಷರಿ, ಆ ಛತ್ರಿ ಬಿಚ್ಚಿ ಈ ಕಡೆ ಹಿಡಿಯೋ. ಬಿಸಿಲಲ್ಲಿ ನಿಲ್ಲೋಕಾಗ್ತಾ ಇಲ್ಲ."