ಮಣ್ಣಿಗೆ ಬಂದ ಎಂಪಿ

"ಹೆಣ ಆ ದಡಕ್ಕೆ ಹೋಗಲ್ಲ. ಮಾತಾಡೋರೇ ಈ ದಡಕ್ಕೆ ಬರಲಿ," ಎಂದಳು ಐಸಿಲ್ಡಾ, ಗಂಡನ ಶವಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು.

ಪಾಸ್ಟರ್ ಮಾರ್ಸ್ಟನ್ ಬೆವರು ಒರೆಸಿಕೊಂಡರು. ಹೊಳೆಯ ಆಚೆ, ಡಾಂಬರು ಮುಗಿಯುವಲ್ಲಿ, ಎಂಪಿ ಲೆನಾಕ್ಸ್ ಬ್ರಿಸೆಟ್ಟರ ಬಿಳಿ ಜೀಪು ನಿಂತಿತ್ತು. ಆ ಸೀಮೆಯಲ್ಲಿ ಎಂಪಿ ಬಂದು ನಾಲ್ಕು ಒಳ್ಳೆಯ ಮಾತಾಡದೆ ಯಾರನ್ನೂ ಮಣ್ಣು ಮಾಡುವುದಿಲ್ಲ. ಚುನಾವಣೆ ಹತ್ತಿರವಿದ್ದರಂತೂ ನಾಯಿ ಸತ್ತರೂ ಬಂದಾರು.

"ಕಿಂಗ್‌ಸ್ಟನ್ನಿಂದ ಬಂದಿದಾರಮ್ಮ. ಆಚೆ ಚರ್ಚಲ್ಲಿ ಮೈಕು, ಕುರ್ಚಿ ಎಲ್ಲಾ ಹಾಕ್ಸಿದಾರೆ. ನಾಲ್ಕು ಜನ ಹೊತ್ತು ದಾಟಿಸಿದ್ರೆ ಮುಗೀತು."

"ಹೋದ ತಿಂಗಳೂ ನಾಲ್ಕು ಜನಾನೇ ಹೊತ್ತಿದ್ದು, ಪಾಸ್ಟರ್. ಮನೆ ಬಾಗಿಲು ಕಿತ್ತು, ಅದರ ಮೇಲೆ ಮಲಗಿಸ್ಕೊಂಡು. ಆಂಬುಲೆನ್ಸು ಆಚೆ ಸುಮ್ನೆ ನಿಂತಿತ್ತು. ಫರ್ಡಿ ನಡುನೀರಲ್ಲೇ ಹೋದ. ಆಚೆ ಶವಾಗಾರದಿಂದ ಇವತ್ತು ಬೆಳಿಗ್ಗೆ ಪೆಟ್ಟಿಗೇಲಿ ವಾಪಸ್ ತಂದ್ವಿ. ಮೂರನೇ ಸಲ ನನ್ನ ಗಂಡನ್ನ ಆ ನೀರಿಗೆ ಇಳಿಸಲ್ಲ."

ಬ್ರಿಸೆಟ್ ನಾಲ್ಕು ಚುನಾವಣೆ ಗೆದ್ದವರು, ನಾಲ್ಕು ಸಲವೂ ಸೇತುವೆಯ ಮಾತು ಕೊಟ್ಟವರು. ಪ್ರತಿ ಸಲ ಅಳತೆಯವರು ಬಂದು ಕೆಂಪು ಗೂಟ ಹೊಡೆದು ಹೋಗುತ್ತಿದ್ದರು. ಚುನಾವಣೆ ಮುಗಿದ ಮೇಲೆ ಊರಿನವರು ಅದಕ್ಕೆ ಆಡು ಕಟ್ಟುತ್ತಿದ್ದರು. ಪಾಪ, ಫರ್ಡಿ ಮಾತ್ರ ಪ್ರತಿ ಸಲವೂ ನಂಬಿ ಅಳತೆಯವರಿಗೆ ಎಳನೀರು ಕೆತ್ತಿಕೊಡುತ್ತಿದ್ದ. ಅದನ್ನು ನೆನೆದರೆ ಐಸಿಲ್ಡಾಗೆ ಮೈಯೆಲ್ಲ ಉರಿಯುತ್ತಿತ್ತು.

"ಮಿಸ್ ಐಸಿಲ್ಡಾ!" ಆಚೆಯಿಂದ ಎಂಪಿ ಕೂಗಿದರು. "ಫರ್ಡಿ ನನಗೆ ಒಡಹುಟ್ಟಿದ ಅಣ್ಣ ಇದ್ದ ಹಾಗೆ! ಎರಡು ಮಾತಾಡ್ಬೇಕು!"

"ಬನ್ನಿ ಸಾಹೇಬ್ರೇ, ಯಾರು ಬೇಡ ಅಂದೋರು? ಮೊಣಕಾಲುದ್ದ ನೀರಿಗೆ ಸೇತುವೆ ಯಾಕೆ ಅಂತ ಗೆದ್ದ ಮೇಲೆ ರೇಡಿಯೋದಲ್ಲಿ ನೀವೇ ಕೇಳಿದ್ರಲ್ಲ!"

ಮಣ್ಣಿಗೆ ಬಂದು, ಸಾವಿನ ಮನೆಯ ಆಡಿನ ತಲೆಯ ಸೂಪು ಕುಡಿಯುತ್ತ ಕೂತಿದ್ದ ಊರಿನವರು ಗೊಳ್ಳೆಂದು ನಕ್ಕರು. ಇಷ್ಟು ಜನರೆದುರು ಹಿಂದೆ ತಿರುಗುವುದು ಹೇಗೆ? ಎಂಪಿ ಬೂಟು ಕಳಚಿ ಡ್ರೈವರನ ಕೈಗೆ ಕೊಟ್ಟರು, ಸೂಟಿನ ಪ್ಯಾಂಟು ಮಡಚಿ ಇಳಿದರು. ಮೂರು ಹೆಜ್ಜೆಗೆ ಮೊಣಕಾಲು ಮುಳುಗಿತು. ಹತ್ತು ಹೆಜ್ಜೆಗೆ ಸೊಂಟ. ನಡುಹೊಳೆಯಲ್ಲಿ ನೀರು ಎದೆಗೆ ಬಂತು. ಭಾಷಣದ ಹಾಳೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತರು. ಮುಂದಕ್ಕೂ ಕಾಲು ಬರಲಿಲ್ಲ, ಹಿಂದಕ್ಕೂ ಬರಲಿಲ್ಲ.

"ಯಾರಾದ್ರೂ ಕೈ ಕೊಡ್ರಪ್ಪಾ!"

ಪಾಸ್ಟರ್ ಎದ್ದು ಓಡಿದರು. ಅವರ ಕೋಟು ಹಿಡಿದು ನಿಲ್ಲಿಸಿ, ಐಸಿಲ್ಡಾ ತಾನೇ ನೀರಿನಂಚಿಗೆ ಹೋದಳು.

"ಅಲ್ಲೇ ನಿಂತು ಮಾತಾಡಿ ಸಾಹೇಬ್ರೇ," ಎಂದಳು. "ನಮಗೆ ಚೆನ್ನಾಗಿ ಕೇಳಿಸುತ್ತೆ."