ನೂರರಲ್ಲಿ ಒಂದು ಸುಳ್ಳು ಪ್ರಾಣಿ

ವೊಂಬ್ಯಾಟ್ ಎಂಬ ಪ್ರಾಣಿ ನಿಜಕ್ಕೂ ಚೌಕಾಕಾರದ ಲದ್ದಿ ಹಾಕುತ್ತದೆಯೇ ಎಂದು ಕರಡು ತಿದ್ದುವವ ಫೋನಿನಲ್ಲಿ ಎರಡನೆಯ ಸಲ ಕೇಳಿದ. ಹಾಕುತ್ತದೆ ಎಂದರು ಪ್ರಾಣಿಶಾಸ್ತ್ರದ ಮೇಷ್ಟ್ರು. ಅವನು ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೀಟು ಎಳೆದು ಮುಂದಿನದಕ್ಕೆ ಬಂದ.

ಅವನು ಕೆಲಸಕ್ಕಿದ್ದ ಮುದ್ರಣಾಲಯ ಬದುಕಿದ್ದೇ ಒಂದು ಪುಸ್ತಕದಿಂದ. ಇದ್ದರೂ ಇರಲಾರವು ಎನಿಸುವ ನೂರು ಪ್ರಾಣಿಗಳ ಬಗ್ಗೆ ಒಡತಿಯ ಅಪ್ಪ ಮೂವತ್ತು ವರ್ಷದ ಹಿಂದೆ ಮಕ್ಕಳಿಗಾಗಿ ಬರೆದದ್ದು. ಶಾಲೆಗಳು ವರ್ಷವರ್ಷವೂ ತರಿಸಿಕೊಳ್ಳುತ್ತಿದ್ದವು. ಕರಪತ್ರ, ಕ್ಯಾಲೆಂಡರುಗಳೆಲ್ಲ ಯಂತ್ರಕ್ಕೆ ತುಕ್ಕು ಹಿಡಿಯದಿರಲಿ ಎಂದು ಮಾಡುತ್ತಿದ್ದ ಕೆಲಸ.

ಈ ವರ್ಷ ಇನ್ನೊಬ್ಬ ಪ್ರಕಾಶಕ ಅಂಥದೇ ಪುಸ್ತಕ ತಂದ. ಚಿತ್ರ ಬೇರೆ, ಮಾತು ಬೇರೆ, ಪ್ರಾಣಿಗಳು ಮಾತ್ರ ಹೆಚ್ಚುಕಡಿಮೆ ಅವೇ. ಒಡತಿ ಪ್ರಕಾಶಕರ ಸಂಘಕ್ಕೆ ದೂರು ಕೊಟ್ಟಳು. ಪ್ರಾಣಿಗಳು ಯಾರಪ್ಪನ ಸ್ವತ್ತೂ ಅಲ್ಲ, ಕದ್ದದ್ದಕ್ಕೆ ಗಟ್ಟಿ ಪುರಾವೆ ತನ್ನಿ ಎಂದರು ಅಧ್ಯಕ್ಷರು. ಯಾರದು ನಕಲೆಂದು ಸಾಬೀತಾಗುತ್ತದೋ ಅವರು ಪುಸ್ತಕವನ್ನು ಶಾಶ್ವತವಾಗಿ ನಿಲ್ಲಿಸಬೇಕು ಎಂದೂ ಹೇಳಿದರು. ಎದುರಾಳಿ ಮರುಮಾತಿಲ್ಲದೆ ಒಪ್ಪಿದ. ಅವನ ಧೈರ್ಯ ನೋಡಿ ಒಡತಿಗೆ ಮೈಯೆಲ್ಲ ಉರಿಯಿತು.

ಪುರಾವೆಯ ದಾರಿ ಅವಳಿಗೆ ಗೊತ್ತಿತ್ತು. ಈ ಕಸುಬಿನಲ್ಲಿ ಹಳಬರದೊಂದು ಪದ್ಧತಿಯಿದೆ. ನಿಘಂಟು ಮಾಡುವವರು ಇಲ್ಲದ ಒಂದು ಪದವನ್ನು, ನಕ್ಷೆ ಮಾಡುವವರು ಇಲ್ಲದ ಒಂದು ಓಣಿಯನ್ನು ನಡುವೆ ತೂರಿಸಿಡುತ್ತಾರೆ. ಕದ್ದವನು ಅದನ್ನೂ ಸೇರಿಸಿ ಕದ್ದು ಸಿಕ್ಕಿಬೀಳುತ್ತಾನೆ. ಅಪ್ಪನೂ ಒಂದು ಸುಳ್ಳು ಪ್ರಾಣಿಯನ್ನು ಬಿಟ್ಟೇ ಇರುತ್ತಾರೆ ಎಂದು ಅವಳು ಮಹಡಿ ಹತ್ತಿ ಕೇಳಿದಳು.

“ನಾನು ಯಾವುದನ್ನೂ ಹುಟ್ಟಿಸಿ ಹಾಕಿಲ್ಲಮ್ಮ,” ಎಂದರು ಅಪ್ಪ. “ಈ ಜಗಳ ಬಿಟ್ಬಿಡು.”

ಬೆಳಗ್ಗೆ ನುಂಗಿದ ಗುಳಿಗೆ ಮಧ್ಯಾಹ್ನಕ್ಕೆ ಮರೆತುಹೋಗುವ ವಯಸ್ಸು ಅವರದು. ಅವಳು ಹೊದಿಕೆ ಸರಿಮಾಡಿ ಕೆಳಗಿಳಿದು ಬಂದಳು. ಅಪ್ಪನ ಹೆಸರು ಉಳಿಸುವ ಕೆಲಸ ಅಪ್ಪನಿಂದಾಗದಿದ್ದರೆ ತಾನೇ ಮಾಡಬೇಕಲ್ಲ.

ಹಾಗಾಗಿ ಮೂರು ದಿನದಿಂದ ಕರಡು ತಿದ್ದುವವ ಮೇಷ್ಟ್ರ ತಲೆ ತಿನ್ನುತ್ತಿದ್ದ. ಬಾತುಕೋಳಿಯ ಕೊಕ್ಕು, ಮೊಟ್ಟೆ, ಹಿಂಗಾಲಲ್ಲಿ ವಿಷದ ಮುಳ್ಳು, ಇಷ್ಟೆಲ್ಲ ಇದ್ದು ಮರಿಗೆ ಹಾಲುಣಿಸುವ ಪ್ಲಾಟಿಪಸ್? ಇದೆ. ಗುದ್ದಿ ಗುದ್ದಿ ಚಿಪ್ಪು ಒಡೆಯುವ ಸೀಗಡಿ? ಇದೆ. ಮೈಮೇಲೆ ಕೂದಲಿಲ್ಲದೆ ನೆಲದಡಿಯಲ್ಲಿ ಮೂವತ್ತು ವರ್ಷ ಬಾಳುವ ಹೆಗ್ಗಣದಂಥದ್ದು? ಇದೆ. ಮೊಟ್ಟೆ ನುಂಗಿ, ಹೊಟ್ಟೆಯಲ್ಲೇ ಮರಿಮಾಡಿ, ಬಾಯಿಯಿಂದ ಹೊರಬಿಡುವ ಕಪ್ಪೆ ಸಿಕ್ಕಾಗ ಅವನಿಗೆ ಗೆದ್ದೆನೆನಿಸಿತು. ಇತ್ತು, ಈಗ ಅಳಿದುಹೋಗಿದೆ ಎಂದರು ಮೇಷ್ಟ್ರು. ಸತ್ತ ಕಪ್ಪೆಯನ್ನು ಸುಳ್ಳು ಕಪ್ಪೆ ಅನ್ನಲು ಬರುವುದಿಲ್ಲ. ಅವನು ಅದಕ್ಕೂ ಗೀಟು ಎಳೆದ.

ತೊಂಬತ್ತೊಂಬತ್ತಕ್ಕೂ ಗೀಟು ಬಿದ್ದಮೇಲೆ ಉಳಿದದ್ದು ಎಪ್ಪತ್ಮೂರನೆಯ ಪುಟದ ಒಂದು ಇಲಿ. ಬೇಲಿಗುಂಟ ವಾಸ, ಕಂದು ಬಣ್ಣ, ಗಿಡ್ಡ ಬಾಲ, ಹುಲ್ಲಿನ ಬೀಜ ಆಹಾರ. ವರ್ಷಕ್ಕೆರಡು ಸಲ ಮರಿ ಹಾಕುತ್ತದೆ. ಅದನ್ನು ಕೇಳುವುದೇ ದಂಡವೆಂದು ಅವನು ಕೊನೆಗೆ ಬಿಟ್ಟಿದ್ದ. ಹನ್ನೊಂದು ಮುದ್ರಣಗಳಲ್ಲಿ ಆ ಪುಟ ತಿದ್ದಿದ್ದ. ಒತ್ತು, ದೀರ್ಘ, ಅಲ್ಪವಿರಾಮ ನೋಡಿದ್ದನೇ ಹೊರತು ಇಷ್ಟು ಸಪ್ಪೆ ಇಲಿಗೆ ಈ ಪುಸ್ತಕದಲ್ಲೇನು ಕೆಲಸ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮೇಷ್ಟ್ರು ಪುಸ್ತಕಗಳನ್ನೆಲ್ಲ ತಿರುವಿಹಾಕಿ ಸಂಜೆ ತಾವೇ ಫೋನ್ ಮಾಡಿದರು. ಅಂಥ ಇಲಿ ಭೂಮಿಯ ಮೇಲೆ ಎಲ್ಲೂ ಇಲ್ಲ.

“ಅಕ್ಕಾ, ಸಿಕ್ತು,” ಎಂದ ಅವನು. ಎದುರಾಳಿಯ ಪುಸ್ತಕ ತೆರೆದು ನೋಡಿದರು. ಇಲಿ ಅಲ್ಲೂ ಹಾಯಾಗಿ ಬೀಜ ತಿನ್ನುತ್ತಿತ್ತು.

ಒಡತಿ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಅಪ್ಪನಿಗೆ ಸುದ್ದಿ ಹೇಳಿದಳು. ಅಪ್ಪ ಎದ್ದು ಕೂತು ಕನ್ನಡಕ ಹುಡುಕಿಕೊಂಡು ಆ ಪುಟವನ್ನು ತುಂಬ ಹೊತ್ತು ನೋಡಿದರು.

“ಇದು ಇಲ್ವಾ?” ಎಂದು ಕೇಳಿದರು.

ತಾನೇ ಹುಟ್ಟಿಸಿದ ಜೀವವೂ ಅಪ್ಪನಿಗೆ ನೆನಪಿಲ್ಲವಲ್ಲ ಎಂದು ಅವಳು ಮರುಗಿದಳು. ಸಂಘಕ್ಕೆ ಹೋಗಬೇಡ ಎಂದು ಅವರು ಕೈ ಹಿಡಿದುಕೊಂಡರು. ನೀವು ನಿಶ್ಚಿಂತೆಯಾಗಿ ಮಲಗಿ ಎಂದು ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಸೋಮವಾರ ಸಂಘದ ಕಚೇರಿಯ ಉದ್ದನೆಯ ಮೇಜಿನ ಮುಂದೆ ನಿಂತು ಅವಳು ಇಲಿಯ ಪುಟವನ್ನು ಜೋರಾಗಿ ಓದಿದಳು. ಮೇಷ್ಟ್ರ ಪತ್ರ ಕೊಟ್ಟಳು. ಮೊದಲು ಬರೆದವನು ಕಳ್ಳನನ್ನು ಹಿಡಿಯಲೆಂದೇ ಇಟ್ಟ ಪ್ರಾಣಿ ಇದು, ಆಮೇಲೆ ಬಂದ ಯಾವ ಪುಸ್ತಕದಲ್ಲಿ ಇದು ಕಂಡರೂ ಆ ಪುಸ್ತಕ ಕದ್ದದ್ದೇ ಎಂದಳು. ಅಧ್ಯಕ್ಷರು ತಲೆದೂಗಿದರು.

ಎದುರಾಳಿ ವಾದಿಸಲಿಲ್ಲ. ಒಡತಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಸಹಿ ತೆಗೆದುಕೊಳ್ಳಿ ಎಂದಷ್ಟೇ ಕೇಳಿದ. ಅಧ್ಯಕ್ಷರು ಬರೆದರು. ಒಡತಿ ತನ್ನ ಇಡೀ ಹೆಸರು ಬರೆದು ಸಹಿ ಹಾಕಿದಳು. ಅಪ್ಪ ಇಲ್ಲಿರಬೇಕಿತ್ತು ಎಂದುಕೊಂಡಳು.

ಆಗ ಎದುರಾಳಿ ಚೀಲದಿಂದ ಹಳದಿಗಟ್ಟಿದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಅಚ್ಚಾಗಿ ನಲವತ್ತೆರಡು ವರ್ಷ. ಬರೆದವರು ಅವನ ಅಪ್ಪ. ಅವನು ತೆರೆದು ತೋರಿಸಿದ ಪುಟದಲ್ಲಿ ಅದೇ ಗಿಡ್ಡ ಬಾಲದ ಇಲಿ.

“ಯಾವುದು ಸುಳ್ಳು ಅಂತ ಹೇಳದೇ ನಮ್ಮಪ್ಪ ತೀರಿಕೊಂಡ್ರು,” ಎಂದ. “ಹುಡುಕಿಕೊಟ್ರಿ, ಉಪಕಾರವಾಯ್ತು.”