ಬಕೆಟ್ಟಿನಲ್ಲಿ ಕುಳಿತ ಸೆನ್ಸರು

ಕ್ರೇನಿನ ಕೊಕ್ಕೆ ಎರಡನೇ ಬ್ಲೋವರಿನ ಮೇಲಕ್ಕೆ ಬಂದು ನಿಲ್ಲುವಷ್ಟರಲ್ಲಿ ಘಟಕದ ಆಪರೇಟರಮ್ಮ ಹೋಗಿ ಅದರ ಮೇಲೆಯೇ ಕುಳಿತುಬಿಟ್ಟಳು.

"ಇಳೀರಿ ಮೇಡಂ, ನಂಗೆ ಇನ್ನೂ ಬೇರೆ ಕಡೆ ಕೆಲಸ ಇದೆ," ಎಂದ ಕ್ರೇನಿನವನು.

"ನನ್ನನ್ನೂ ಸೇರಿಸಿ ಎತ್ತಿ. ಇದು ಹೆಚ್ಚುವರಿ ಅಂತ ಬರೆದಿದ್ದಾರಲ್ಲ, ಹಂಗಾದ್ರೆ ನಾನೂ ಹೆಚ್ಚುವರೀನೇ."

ಊರಿನ ಕೊಳಚೆಯೆಲ್ಲ ಬಂದು ಬೀಳುವ ಆ ಶುದ್ಧೀಕರಣ ಘಟಕದಲ್ಲಿ ದೊಡ್ಡ ತೊಟ್ಟಿಗೆ ಗಾಳಿ ಊದಲು ಇದ್ದದ್ದೇ ಎರಡು ಬ್ಲೋವರುಗಳು. ಗಾಳಿ ಸಿಕ್ಕರೆ ತೊಟ್ಟಿಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಹೊಲಸನ್ನೆಲ್ಲ ತಿಂದು ತೇಗುತ್ತವೆ. ಸಿಗದಿದ್ದರೆ ತಾವೂ ಸತ್ತು ನಾರುತ್ತವೆ. ಎರಡನೆಯದು ಬೇರಿಂಗ್ ಹೋಗಿ ನಿಂತು ತಿಂಗಳುಗಳೇ ಕಳೆದಿದ್ದವು. ಇದ್ದ ಒಂದೇ ಬ್ಲೋವರು ಏದುಸಿರು ಬಿಡುತ್ತಾ ತೊಟ್ಟಿಯನ್ನು ಹೇಗೋ ಜೀವಂತ ಇಟ್ಟಿತ್ತು. ಬೇರಿಂಗ್ ಕಳಿಸಿ ಎಂದು ಕೇಳಿ ಕೇಳಿ ನಾಲಿಗೆ ಒಣಗಿದ ಮೇಲೆ ಕೇಂದ್ರ ಕಚೇರಿಯಿಂದ ಕ್ರೇನು ಬಂತು. ಒಂದರಲ್ಲೇ ನಿಮ್ಮ ನೀರು ಇಷ್ಟು ಚೆನ್ನಾಗಿ ಬರುತ್ತಿರುವಾಗ ಇನ್ನೊಂದು ಯಾಕೆ, ಬೇರೆ ಘಟಕಕ್ಕೆ ಕೊಟ್ಟುಬಿಡಿ ಎಂದು ಆದೇಶ.

ನೀರು ಚೆನ್ನಾಗಿದ್ದದ್ದು ಗೇಟಿನ ಹೊರಗಿನ ಬೋರ್ಡಿನಲ್ಲಿ ಮಾತ್ರ. ನೀರು ಹೊರಹೋಗುವ ಕಾಲುವೆಯಲ್ಲಿ ಮುಳುಗಿದ್ದು ಹೊಲಸು ಅಳೆಯಬೇಕಾದ ಸೆನ್ಸರು ಪಕ್ಕದ ಪಂಪ್ ರೂಮಿನ ಮೂಲೆಯಲ್ಲಿ, ನೀಲಿ ಬಕೆಟ್ಟಿಗೆ ತುಂಬಿದ ನಲ್ಲಿ ನೀರಿನಲ್ಲಿ ತಣ್ಣಗೆ ಕುಳಿತಿತ್ತು. ಅದು ಹೇಳಿದ ಅಂಕಿ ಬೋರ್ಡಿನ ಮೇಲೆ ಹಸಿರಾಗಿ ಬೆಳಗುತ್ತಿತ್ತು. ಅದೇ ಅಂಕಿ ಕೇಂದ್ರ ಕಚೇರಿಗೂ ಹೋಗುತ್ತಿತ್ತು. ಬ್ಲೋವರು ನಿಂತಾಗ ತಪಾಸಣೆಗೆ ಯಾರೋ ಬರುತ್ತಾರೆಂದು, ಒಂದು ದಿನದ ಮಟ್ಟಿಗೆ ಎಂದುಕೊಂಡು, ಈ ಏರ್ಪಾಡು ಮಾಡಿದವರು ಸೂಪರ್‌ವೈಸರು. ಅವರು ಆಪರೇಟರಮ್ಮನಿಗೆ ಸೋದರಮಾವ, ಈ ಕೆಲಸ ಕೊಡಿಸಿದವರೂ ಅವರೇ. ದಿನಾ ಬೆಳಿಗ್ಗೆ ಬಕೆಟ್ಟಿನ ನೀರು ಬದಲಿಸುವುದು ಅವಳ ಪಾಲಿಗೆ ಬಂದಿತ್ತು. ಹೆತ್ತ ಮಗುವಿಗೂ ಯಾರೂ ಇಷ್ಟು ನೇಮದಿಂದ ನೀರು ಹಾಕಿರಲಿಕ್ಕಿಲ್ಲ. ಪ್ರತಿ ಸಲವೂ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಸುದ್ದಿ ಕೇಳಿ ಮಾವ ಓಡಿ ಬಂದರು. "ಇಳಿಯೇ ಕೆಳಗೆ! ಹೊರಗಿನವರ ಮುಂದೆ ನನ್ನ ಮಾನ ತೆಗೀತಿದ್ದೀಯ."

"ಸಾರ್," ಎಂದಳು ಅವಳು. ಬೇರೆಯವರ ಎದುರು ಮಾವನನ್ನು ಸಾರ್ ಎನ್ನುವುದು ಅವಳ ರೂಢಿ. "ಹೊಟ್ಟೆ ತುಂಬಿದೆ ಅಂತ ನಾವೇ ಹೇಳ್ಕೊಂಡು ಊಟ ಕೇಳಿದ್ರೆ ಯಾರು ಬಡಿಸ್ತಾರೆ? ಮುಂದಿದ್ದ ತಟ್ಟೇನೂ ಕಿತ್ಕೊಂಡು ಹೋಗ್ತಾರೆ."

"ಈಗೇನು ಮಾಡು ಅಂತೀಯ?"

"ಸೆನ್ಸರು ಇರಬೇಕಾದ ಜಾಗಕ್ಕೆ ಹೋಗ್ಲಿ."

ಮಾವನ ಮುಖ ಬಿಳಿಚಿಕೊಂಡಿತು. "ನನ್ನ ಕೆಲಸ ಹೋಗುತ್ತೆ ಕಣೇ. ನಿಂದೂ ಉಳಿಯಲ್ಲ."

"ಈ ಬ್ಲೋವರು ಹೋದ್ರೆ ಮತ್ತೆ ಬರಲ್ಲ. ಉಳಿದದ್ದೊಂದೇ ಎಷ್ಟು ದಿನ ಎಳೆಯುತ್ತೆ? ತೊಟ್ಟಿ ಸತ್ತ ಮೇಲೆ ನಾವಿಲ್ಲಿ ಇದ್ದು ಏನು ಮಾಡೋದು, ಹೆಣ ಕಾಯೋದಾ?"

ಅವಳು ಕೆಳಗೆ ಜಿಗಿದಳು. ಬಸ್ಸಿನಲ್ಲಿ ಸೀಟು ಹಿಡಿಯುವವರಂತೆ ತನ್ನ ಹೆಲ್ಮೆಟ್ಟನ್ನು ಬ್ಲೋವರಿನ ಮೇಲಿಟ್ಟು, "ನಾನು ಬರೋವರೆಗೂ ಇದನ್ನ ಮುಟ್ಟಬೇಡಿ," ಎಂದು ಕ್ರೇನಿನವನಿಗೆ ಹೇಳಿ ಪಂಪ್ ರೂಮಿಗೆ ನುಗ್ಗಿದಳು. ತೊಟ್ಟಿಕ್ಕುತ್ತಿದ್ದ ಸೆನ್ಸರನ್ನು ಬಕೆಟ್ಟಿನಿಂದೆತ್ತಿ, ಕೇಬಲ್ಲನ್ನು ಹೊರಗೆಳೆದು, ಕಾಲುವೆಯ ಕಂದು ನೀರಿಗೆ ಇಳಿಬಿಟ್ಟಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸ್ವಲ್ಪ ಹೊತ್ತಿಗೆ ಬೋರ್ಡಿನ ಅಂಕಿ ಸರಸರನೆ ಏರಿ ಕೆಂಪಗಾಯಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಗಾಡಿ ನಿಲ್ಲಿಸಿ ನೋಡತೊಡಗಿದರು. ಕ್ರೇನಿನವನು ಸೀಟಿನಿಂದಲೇ ಕತ್ತು ಚಾಚಿದ. "ಏನ್ ಮೇಡಂ ಇದು, ಇದ್ದಕ್ಕಿದ್ದಂಗೆ!"

"ಇಷ್ಟು ದಿನ ಪೌಡರ್ ಬಳ್ಕೊಂಡಿತ್ತು. ಈಗ ಮುಖ ತೊಳ್ಕೊಂಡಿದೆ."

ಮಾವನಿಗೆ ತಡೆಯಲಾಗಲಿಲ್ಲ. ಕಾಲುವೆಯ ಬಳಿಗೆ ಧಾವಿಸಿ ಬಂದರು. ಅವಳು ಅಡ್ಡ ನಿಂತಳು. "ಬೇಡ ಮಾವ," ಎಂದಳು. ಸಾರ್ ಎನ್ನುವುದು ಮರೆತೇ ಹೋಗಿತ್ತು. ಅವರು ಅವಳನ್ನು ಪಕ್ಕಕ್ಕೆ ತಳ್ಳಿ ಕೇಬಲ್ಲಿಗೆ ಕೈ ಹಾಕಿದರು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೇಂದ್ರ ಕಚೇರಿಯ ಸಾಹೇಬರು. ಬ್ಲೋವರಿನ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲವೆಂದು ಮಾವ ಎಂದಿನಂತೆ ಸ್ಪೀಕರ್ ಒತ್ತಿದರು.

"ಏನ್ರೀ, ಬಕೆಟ್ಟಲ್ಲಿ ನೀರು ಖಾಲಿ ಆಯ್ತಾ? ಬೇಗ ತುಂಬ್ಸಿ, ಕ್ರೇನ್ ಬೇರೆ ಕಾಯ್ತಿದೆ."

ಮಾವನ ಕೈಯಿಂದ ಕೇಬಲ್ಲು ಜಾರಿತು. ಸಿಕ್ಕಿಬೀಳುತ್ತೇನೆಂಬ ಭಯದಲ್ಲಿ ಮನುಷ್ಯ ಇಷ್ಟು ತಿಂಗಳು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಸಾಹೇಬರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಸುಳ್ಳು ಅಂಕಿಯನ್ನೇ ಮುಂದಿಟ್ಟುಕೊಂಡು ಕ್ರೇನು ಕಳಿಸಿದ್ದರು. ಮಾವನ ಹಣೆಯ ನರ ಉಬ್ಬಿತು.

"ಬಕೆಟ್ ಒಡೆದೋಗಿದೆ ಸಾರ್!"

ಮೇಲಿನವರ ಮುಂದೆ ಮಾವನ ಗಂಟಲು ಇಷ್ಟು ಎತ್ತರಕ್ಕೆ ಹೋದದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ. ಆ ಕಡೆಯಿಂದ ಸಾಹೇಬರು ಏನೋ ಕೂಗುತ್ತಿದ್ದಂತೆಯೇ ಅವರು ಫೋನನ್ನು ಜೇಬಿಗಿಳಿಸಿ, ನೇರವಾಗಿ ಪಂಪ್ ರೂಮಿಗೆ ನಡೆದರು. ಬಕೆಟ್ಟನ್ನು ಹೊರಗೆ ತಂದು, ನೀರು ಚೆಲ್ಲಿ, ಕಟ್ಟೆಯ ಮೇಲೆ ಬೋರಲು ಹಾಕಿದರು. ಅದು ಎಲ್ಲೂ ಒಂದು ಗೀರಿಲ್ಲದೆ ಹೊಸದರಂತೆ ಹೊಳೆಯುತ್ತಿತ್ತು.

"ಸ್ವಲ್ಪ ಹಿಂದೆ ಸರಿಯಮ್ಮ," ಎನ್ನುತ್ತಾ ಮಾವ ಪಂಪ್ ರೂಮಿನಿಂದಲೇ ತಂದಿದ್ದ ದೊಡ್ಡ ಸ್ಪ್ಯಾನರನ್ನು ತಲೆಯ ಮೇಲಕ್ಕೆತ್ತಿದರು. "ಮೇಲಿನವರಿಗೆ ಕೊಟ್ಟ ವರದಿ ಸುಳ್ಳಾಗಬಾರದು."